ಅಂಜಮ್ಮನ ಹೆಬ್ಬೆರಳು ಮತ್ತು ಫೈನಲ್ ಚೀಟಿ

ಅಂಜಮ್ಮ ಬಲಗೈ ಹೆಬ್ಬೆರಳಿಗೆ ನಿಂಬೆಹಣ್ಣು ತೊಟ್ಟು ಅಂದಿಗೆ ನಾಲ್ಕನೆಯ ದಿನ. ಹಣ್ಣಿನ ತಲೆಗೆ ತೂತು ಮಾಡಿ, ಅದರೊಳಗೆ ಬೆರಳು ತೂರಿಸಿ, ಹಳೆಯ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿಕೊಟ್ಟಿದ್ದವರು ಅತ್ತೆ ಬೋರಮ್ಮ. ಸಾಣೆಗುರುವನಹಳ್ಳಿಯ ಆ ವಠಾರದಲ್ಲಿ ಬೆಳಿಗ್ಗೆ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಆ ಹಳದಿ ಹಣ್ಣೇ.

"ಏನೇ ಅಂಜಮ್ಮ, ಲಾರಿ ಮುಂದೆ ಕಟ್ಟೋದನ್ನ ನೀನು ಬೆರಳಿಗೆ ಕಟ್ಕೊಂಡು ಓಡಾಡ್ತಿದೀಯಲ್ಲ!" ಎಂದರು ಎದುರು ಮನೆಯ ರಾಮಮ್ಮ.

"ಉಗುರುಸುತ್ತು ಕಣಕ್ಕ. ಕಾರ್ಖಾನೇಲಿ ದಿನವೆಲ್ಲ ತಂತಿ ಸುತ್ತೀ ಸುತ್ತೀ ಬೆರಳಿಗೂ ಸುತ್ತು ಹತ್ಕೊಂಡಿದೆ" ಎಂದು ಅಂಜಮ್ಮ ನಕ್ಕಳು.

ನಕ್ಕಳೇನೋ ಸರಿ. ತುಂಬಿದ ಬಿಂದಿಗೆಯನ್ನು ಮಾತ್ರ ಎಡಗೈಯಲ್ಲಿ ಎತ್ತಿದಳು. ರಾಮಮ್ಮ ಅದನ್ನು ನೋಡಿದರು. ಅವರು ರಾಜಾಜಿನಗರದಲ್ಲಿ ಕಾರ್ಮಿಕರ ವಿಮೆಯ ಒಂದು ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ಆಯಾ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು ಅವರಿಗೆ ಇಪ್ಪತ್ತು ವರ್ಷದ ಅಭ್ಯಾಸ.

"ಇದು ಎಷ್ಟನೇ ಸಲ?"

"ಮೂರನೇದು."

"ಮೂರು ಸಲ ಬಂತು ಅಂತೀಯೋ, ಒಂದೇ ಸಲ ಬಂದಿದ್ದು ಇನ್ನೂ ಹೋಗಿಲ್ಲ ಅಂತೀಯೋ?"

ಅಂಜಮ್ಮ ಬಿಂದಿಗೆ ಹಿಡಿದು ಮನೆಯೊಳಗೆ ನಡೆದಳು. ಕಾರ್ಖಾನೆಗೆ ಹೊತ್ತಾಗುತ್ತಿತ್ತು.

ರಾಮಮ್ಮ ಕೇಳಿದ್ದರಲ್ಲಿ ನಿಜವಿತ್ತು. ಮೊದಲ ಸಲ ಬೆರಳು ಕೆಂಪಗೆ ಊದಿದಾಗಲೂ ನಿಂಬೆಹಣ್ಣನ್ನೇ ಕಟ್ಟಿದ್ದರು. ಕೀವು ತಾನಾಗಿ ಒಡೆದು ನೋವು ಇಳಿಯಿತು. ಹತ್ತು ದಿನಕ್ಕೆ ಮತ್ತೆ ಊದಿತು. ಅರಿಶಿನ ಸುಣ್ಣ ಕಲಸಿ ಹಚ್ಚಿದರು, ಬಗ್ಗಲಿಲ್ಲ. ಆಗ ಅಂಜಮ್ಮನ ಗಂಡ ಹನುಮಂತಯ್ಯ ಅವಳನ್ನು ಮುಖ್ಯರಸ್ತೆಯ ಚಿಕ್ಕದೊಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಸೂಜಿ ಹಾಕಿ, ಐದು ದಿನಕ್ಕೆ ಮಾತ್ರೆ ಕಟ್ಟಿಕೊಟ್ಟರು. ಎರಡೇ ದಿನಕ್ಕೆ ನೋವು ನಿಂತಿತು. ಅಂಜಮ್ಮ ಉಳಿದ ಮಾತ್ರೆಗಳನ್ನು ಜೋಪಾನವಾಗಿ ಮೆಣಸಿನ ಡಬ್ಬಿಯಲ್ಲಿ ಇಟ್ಟಳು. ಮನೆಯಲ್ಲಿ ಯಾರಿಗಾದರೂ ಬೇಕಾಗಬಹುದು ಎಂಬ ಲೆಕ್ಕಾಚಾರ. ಮೂರನೆಯ ಸಲ ಊದಿದಾಗ ಅದೇ ಡಬ್ಬಿಯಿಂದ ಎರಡು ಮಾತ್ರೆ ನುಂಗಿದಳು. ಈ ಸಲ ಬೆರಳು ಕೇಳಲಿಲ್ಲ. ಅಷ್ಟರಲ್ಲಿ ಆರು ವಾರ ಕಳೆದಿತ್ತು.

ಅಂಜಮ್ಮನಿಗೆ ಹೆಬ್ಬೆರಳು ಎಂದರೆ ಕೆಲಸ. ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲಿ ಟ್ರಾನ್ಸ್‌ಫಾರ್ಮರಿನ ಕಾಯಿಲ್ ಸುತ್ತುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಹನ್ನೊಂದು ಜನ ಹೆಂಗಸರು, ಅಂಜಮ್ಮ ಅವರೆಲ್ಲರಿಗಿಂತ ಹಳಬಳು. ಎಡಗೈ ಯಂತ್ರದ ಹಿಡಿ ತಿರುಗಿಸುತ್ತಿದ್ದರೆ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ದಾರಿ ತೋರಿಸಬೇಕು. ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತು ಒತ್ತಾಗಿ ಕೂರಬೇಕು. ತಂತಿ ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎನ್ನುವುದು ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಹಾಗಾದರೆ ಅವಳು ಇ.ಎಸ್.ಐ.ಗೆ ಏಕೆ ಹೋಗಲಿಲ್ಲ? ಕಾರ್ಡು ಇರಲಿಲ್ಲವೇ? ಇತ್ತು. ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ, ಎಂಟು ವರ್ಷದಿಂದ ಹೊಸದಾಗಿಯೇ ಇತ್ತು.

ಅಡ್ಡ ನಿಂತಿದ್ದದ್ದು ಒಂದು ಪದ. 'ಫೈನಲ್'.

ಎರಡು ವರ್ಷದ ಹಿಂದೆ ಅಂಜಮ್ಮನ ಪಕ್ಕದ ಯಂತ್ರದಲ್ಲಿ ಪುಟ್ಟಲಕ್ಷ್ಮಿ ಎಂಬಾಕೆ ಕೂರುತ್ತಿದ್ದಳು. ಕಾಮಾಲೆ ಬಂದು ಇ.ಎಸ್.ಐ. ರಜೆ ಹಾಕಿದಳು. ತಿಂಗಳಾದ ಮೇಲೆ ಒಂದು ಚೀಟಿ ಹಿಡಿದು ಬಂದಳು. ಫೋರ್‌ಮನ್ ಜಗನ್ನಾಥ ಅದನ್ನು ಓದಿ, "ಪುಟ್ಟಲಕ್ಷ್ಮಿಗೆ ಫೈನಲ್ ಕೊಟ್ಟಿದ್ದಾರೆ" ಎಂದದ್ದು ಅಂಜಮ್ಮನ ಕಿವಿಗೆ ಬಿತ್ತು. ಅದಾದ ಮೇಲೆ ಪುಟ್ಟಲಕ್ಷ್ಮಿ ಕೆಲಸಕ್ಕೆ ಬರಲಿಲ್ಲ; ಹದಿನೈದು ದಿನಕ್ಕೆ ಅವಳ ಯಂತ್ರದ ಮುಂದೆ ಬೇರೆ ಹುಡುಗಿ ಕೂತಿದ್ದಳು. ಫೈನಲ್ ಎನ್ನುವುದು ಅಂಜಮ್ಮನಿಗೆ ಹೊಸ ಪದವಲ್ಲ. ಅವಳ ಅಣ್ಣ ಕೆಲಸ ಮಾಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿದಾಗ ಅವನ ಕೈಗೆ ಕೊಟ್ಟ ಲಕೋಟೆಯ ಹೆಸರೂ ಫೈನಲ್ ಸೆಟ್ಲ್‌ಮೆಂಟ್. ಅದನ್ನು ತೆಗೆದುಕೊಂಡವರು ಮತ್ತೆ ಗೇಟಿನೊಳಗೆ ಹೋಗಲಿಲ್ಲ.

ಅಂಜಮ್ಮ ಎರಡನ್ನೂ ಸೇರಿಸಿದಳು. ಇ.ಎಸ್.ಐ.ಗೆ ಹೋದರೆ ರಜೆ ಬರೆಯುತ್ತಾರೆ, ರಜೆ ಮುಗಿದರೆ ಫೈನಲ್ ಕೊಡುತ್ತಾರೆ, ಅಲ್ಲಿಗೆ ಕೆಲಸ ಹೋಯಿತು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ, "ಒಂದು ಬೆರಳಿಗೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ?" ಎಂದುಬಿಡುತ್ತಿದ್ದಳು.

ಅಂದು ಕಾರ್ಖಾನೆಯಲ್ಲಿ ನಿಂಬೆಹಣ್ಣು ಬಿಚ್ಚಿಟ್ಟು, ಬೆರಳಿಗೆ ಕಾಯಿಲಿಗೆ ಸುತ್ತುವ ಟೇಪನ್ನೇ ಸುತ್ತಿಕೊಂಡು, ನಡುಬೆರಳಿನಲ್ಲಿ ತಂತಿ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಜಗನ್ನಾಥ ಒಂದು ಕಾಯಿಲ್ ಹಿಡಿದುಕೊಂಡು ಬಂದ.

"ಇದನ್ನ ಯಾರಮ್ಮ ಸುತ್ತಿದ್ದು? ತಂತಿ ಒಂದರ ಮೇಲೊಂದು ಹತ್ಕೊಂಡು ಕೂತಿದೆ."

"ನಾನೇ ಸಾರ್."

"ನೀನಾ? ಹೊಸ ಹುಡುಗೀರಿಗೆ ನಿನ್ನ ಕಾಯಿಲ್ ತೋರಿಸಿ ಕಲಿಸ್ತೀನಲ್ಲಮ್ಮ ನಾನು! ಆಮೇಲೆ ಇನ್ನೊಂದು ಮಾತು. ಗಂಟೆಗೊಂದು ಸಲ ಎದ್ದು ಹೋಗ್ತಿದೀಯ. ನೀರು ಕುಡಿಯೋಕೆ ಒಂದ್ಸಲ, ಬಚ್ಚಲಿಗೆ ಒಂದ್ಸಲ. ಏನಾಗಿದೆ? ಕೈ ತೋರ್ಸು."

"ಏನಿಲ್ಲ ಸಾರ್, ಸ್ವಲ್ಪ ಗಾಯ."

"ಗಾಯ ಆದ್ರೆ ಇ.ಎಸ್.ಐ.ಗೆ ಹೋಗಿ ತೋರಿಸ್ಕೊಂಡು ಬಾ. ರಜೆ ಬೇಕಾದ್ರೆ ತಗೋ."

ಜಗನ್ನಾಥ ಹೇಳಿದ್ದು ಕನಿಕರದಿಂದ. ಅಂಜಮ್ಮನಿಗೆ ಕೇಳಿಸಿದ್ದು ಎಚ್ಚರಿಕೆಯಾಗಿ. ಸಂಜೆ ಮನೆಗೆ ಬರುವಾಗ ಮೈ ಬಿಸಿಯಾಗಿತ್ತು. ಕಂಕುಳಲ್ಲಿ ಒಂದು ಗಂಟು ನೋಯುತ್ತಿತ್ತು.

ಮನೆಯಲ್ಲಿ ಮಗಳು ಜಲಜಾ ಮುಖ ಊದಿಸಿಕೊಂಡು ಕೂತಿದ್ದಳು. ಐದನೆಯ ತರಗತಿಯ ಹುಡುಗಿ.

"ಅಮ್ಮ, ನಾಳೆ ನೀನೇ ಜಡೆ ಹಾಕು. ಅಪ್ಪ ಹಾಕಿದ ಜಡೆ ನೋಡಿ ಮೇಡಂ, ಇದೇನು ಹಗ್ಗಾನಾ ಅಂದ್ರು."

"ನಾನೇನು ಮಾಡ್ಲಿ ಮಗ? ಹಿಟ್ಟಿನ ಗಿರಣೀಲಿ ಮೂಟೆ ಬಾಯಿ ಕಟ್ಟಿ ಅಭ್ಯಾಸ ನಂಗೆ" ಎಂದ ಹನುಮಂತಯ್ಯ. ಅವನ ಹುಬ್ಬು ಮೀಸೆಗಳಲ್ಲಿ ಇನ್ನೂ ಹಿಟ್ಟು ಕೂತಿತ್ತು. "ಮುದ್ದೆ ತೊಳಸೋದೂ ನಾನೇ, ಜಡೆ ಹಾಕೋದೂ ನಾನೇ."

"ನೀನು ತೊಳಸಿದ ಮುದ್ದೆಯಲ್ಲೂ ಗಂಟೇ ಕಣಪ್ಪ" ಎಂದರು ಬೋರಮ್ಮ.

ಎಲ್ಲರೂ ನಕ್ಕರು. ಅಂಜಮ್ಮ ಮಾತ್ರ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಬೋರಮ್ಮ ಸೊಸೆಯ ಹಣೆ ಮುಟ್ಟಿ ನೋಡಿದರು. ನಗು ನಿಂತಿತು.

"ಮೈ ಸುಡ್ತಾ ಇದೆ ಕಣೋ ಹನುಮಂತ. ನಾಳೆ ಮಾಗಡಿ ರೋಡ್ ಕಡೆ ಕರ್ಕೊಂಡು ಹೋಗು. ಅಲ್ಲೊಬ್ರು ಸರ್ಪಸುತ್ತಿಗೆ ಕೆಮ್ಮಣ್ಣು ಬರೀತಾರೆ. ಉಗುರುಸುತ್ತಿಗೂ ಬರೀಬಹುದು. ಎರಡೂ ಸುತ್ತೇ ಅಲ್ವಾ?"

"ಬ್ಯಾಡಮ್ಮ, ಕ್ಲಿನಿಕ್ಕಿನಲ್ಲಿ ಇನ್ನೊಂದು ಸೂಜಿ ಹಾಕಿಸ್ತೀನಿ. ಹೋದ್ಸಲ ಎರಡೇ ದಿನಕ್ಕೆ ಕಮ್ಮಿ ಆಯ್ತು."

"ಕಮ್ಮಿ ಆಗಿದ್ದು ಮತ್ತೆ ಯಾಕೆ ಬಂತು?"

ಕೇಳಿದ್ದು ಬಾಗಿಲಲ್ಲಿ ನಿಂತಿದ್ದ ರಾಮಮ್ಮ. ಡಿಸ್ಪೆನ್ಸರಿಯಿಂದ ಬಂದವರು ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಅಂಜಮ್ಮನ ಮುಂದೆ ಕೂತರು. ಕೇಳದೆಯೇ ಟೇಪು ಬಿಚ್ಚಿದರು. ಬೆರಳಿನ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಗುರಿನ ಬುಡದಲ್ಲಿ ಕೀವು, ಕೆಟ್ಟ ವಾಸನೆ. ಜಲಜಾ ಮೂಗು ಮುಚ್ಚಿಕೊಂಡಳು.

"ಕಂಕುಳಲ್ಲಿ ಗಂಟು ಕಟ್ಟಿದೆಯೇನೇ?"

"ಹೂಂ."

"ಬಾಯಾರಿಕೆ ಜಾಸ್ತಿನಾ?"

"ಬೇಸಿಗೆ ಅಲ್ವಾ ಅಕ್ಕ. ಎಷ್ಟು ನೀರು ಕುಡಿದ್ರೂ ಸಾಲಲ್ಲ."

ರಾಮಮ್ಮ ಹನುಮಂತಯ್ಯನ ಕಡೆ ತಿರುಗಿದರು. "ನೋಡಪ್ಪ ಹನುಮಂತ, ಇದು ಮೇಲಿನ ಗಾಯ ಅಲ್ಲ. ಒಳಗೆ ಕೀವು ದಾರಿ ಮಾಡ್ಕೊಂಡು ಹೋಗ್ತಿದೆ. ಮೂಳೆಗೆ ತಾಕಿದ್ರೆ ಬೆರಳಿನ ತುದೀನೇ ತೆಗೀಬೇಕಾಗತ್ತೆ. ಅಂಥಾ ಕೈಗಳನ್ನ ನಾನು ತೊಳೆದಿದೀನಿ."

"ಅಯ್ಯೋ, ಹಂಗನ್ಬೇಡ ರಾಮಮ್ಮ" ಎಂದರು ಬೋರಮ್ಮ. "ನಮ್ಮ ಕಾಲದಲ್ಲಿ ನಿಂಬೆಹಣ್ಣಿಗೇ ಹೋಗ್ತಿತ್ತು."

"ಹೋಗ್ತಿತ್ತು ಬೋರಮ್ಮಾರೆ, ಸುಳ್ಳಲ್ಲ. ಸಣ್ಣ ಉಗುರುಸುತ್ತು ಎಷ್ಟೋ ಸಲ ತಾನೇ ಒಡೆದು ವಾಸಿ ಆಗತ್ತೆ. ನಿಂಬೆಹಣ್ಣು ತಣ್ಣಗಿರತ್ತೆ, ನೋವು ಮರೆಸತ್ತೆ. ಆದ್ರೆ ಆರು ವಾರ ಆದ್ರೂ ಹೋಗ್ದೇ ಇದ್ರೆ, ಯಾಕೆ ಹೋಗ್ತಿಲ್ಲ ಅಂತ ಹುಡುಕೋರ ಹತ್ರ ಹೋಗ್ಬೇಕು. ಸೂಜಿ ಎಲ್ಲಿ ಬೇಕಾದ್ರೂ ಹಾಕ್ತಾರೆ. ಮೂತ್ರ ನೋಡೋದು, ರಕ್ತ ನೋಡೋದು, ಎಕ್ಸ್-ರೇ ತೆಗೆಯೋದು ಎಲ್ಲಿದೆಯೋ ಅಲ್ಲಿಗೆ ಹೋಗ್ಬೇಕು. ಅಂಜಮ್ಮನ ಹತ್ರ ಕಾರ್ಡಿದೆ. ಸಂಬಳದಲ್ಲಿ ಅದಕ್ಕೆ ಹಿಡ್ಕೊಂಡೂ ಇದಾರೆ. ಟ್ರಂಕಲ್ಲಿಟ್ಟು ಪೂಜೆ ಮಾಡೋಕಾ?"

"ಇ.ಎಸ್.ಐ. ಔಷಧಿ ಅಂದ್ರೆ ಕೆಂಪು ನೀರು ಅಂತಾರಲ್ಲ..." ಎಂದ ಹನುಮಂತಯ್ಯ.

"ಅಂತಾರೆ ಅಂತಾರೆ. ಅಂದೋರು ಯಾರಾದ್ರೂ ಪೂರ್ತಿ ಬಾಟ್ಲು ಕುಡಿದಿದಾರಾ ಕೇಳು. ಕಾರಣ ಏನು ಅಂತ ನೋಡಿ ಕೊಟ್ಟ ಔಷಧಿನ ಮುಗಿಯೋತನಕ ತಗೊಂಡ್ರೆ ಅದು ಕೆಲಸ ಮಾಡತ್ತೆ. ಮೆಣಸಿನ ಡಬ್ಬೀಲಿ ಇಟ್ರೆ ಮೆಣಸಿಗೂ ಕೆಲಸ ಮಾಡಲ್ಲ."

ಅಂಜಮ್ಮ ತಲೆ ಎತ್ತಿದಳು. "ಡಬ್ಬಿ ವಿಷಯ ನಿಂಗೆ ಯಾರಕ್ಕ ಹೇಳಿದ್ದು?"

"ನಿನ್ನ ಮಗಳೇ. ಸಾರಿನಲ್ಲಿ ಮಾತ್ರೆ ಸಿಕ್ತು ಅಂತ ವಠಾರಕ್ಕೆಲ್ಲ ಸಾರಿದಾಳೆ."

ಮೂಳೆ ಎಂಬ ಮಾತು ಹನುಮಂತಯ್ಯನಿಗೆ ತಾಕಿತ್ತು. ನಾಳೆ ಇ.ಎಸ್.ಐ.ಗೆ ಹೋಗುವುದು ಎಂದು ಅವನೇ ತೀರ್ಮಾನ ಮಾಡಿದ. ಅಂಜಮ್ಮ ಒಪ್ಪಿದಳು. ಆದರೆ ಮನಸ್ಸಿನಲ್ಲೇ ಒಂದು ಮಾತು ಗಟ್ಟಿ ಮಾಡಿಕೊಂಡಳು. ಔಷಧಿ ತೆಗೆದುಕೊಳ್ಳುವುದು, ರಜೆ ಮಾತ್ರ ತೆಗೆದುಕೊಳ್ಳುವುದಿಲ್ಲ.

ಮರುದಿನ ಅಂಜಮ್ಮ ರಾಮಮ್ಮನ ಜೊತೆಗೇ ಅವರ ಡಿಸ್ಪೆನ್ಸರಿಗೆ ಹೋದಳು. ಅಲ್ಲಿ ಸಾಲು ಇತ್ತು. ಒಂದು ಗಂಟೆ ಕಾಯಬೇಕಾಯಿತು. ಡಾಕ್ಟರ್ ಅನಂತಲಕ್ಷ್ಮಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು, ಮೊಣಕೈ ಮಡಿಸಿ ಕಂಕುಳು ಒತ್ತಿದರು. ಮೊದಲ ದಿನದಿಂದ ಏನೇನಾಯಿತು ಎಂದು ಕೇಳಿದರು. ನಿಂಬೆಹಣ್ಣು, ಸುಣ್ಣ, ಸೂಜಿ, ಡಬ್ಬಿ, ಎಲ್ಲವನ್ನೂ ಅಂಜಮ್ಮ ಹೇಳಿದಳು. ಡಾಕ್ಟರು ಬೈಯಲಿಲ್ಲ.

"ಕೀವನ್ನ ಇವತ್ತೇ ತೆಗೀಬೇಕಮ್ಮ. ಮರಗಟ್ಟೋಕೆ ಔಷಧಿ ಕೊಟ್ಟು ಮಾಡ್ತೀವಿ, ಹೆದರಬೇಡಿ. ಮೂತ್ರ ಪರೀಕ್ಷೆ ಆಗ್ಬೇಕು. ಮೂಳೆ ನೋಡೋಕೆ ಎಕ್ಸ್-ರೇಗೆ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ. ಮತ್ತೆ, ಈ ಕೈಗೆ ಕೆಲಸ ಕೊಡಬಾರದು. ಈಗ ಫಸ್ಟ್ ಸರ್ಟಿಫಿಕೇಟ್ ಕೊಡ್ತೀನಿ, ವಾಸಿ ಆದ್ಮೇಲೆ ಫೈನಲ್..."

ಡಾಕ್ಟರ ಮಾತು ಮುಗಿಯುವ ಮೊದಲೇ ಅಂಜಮ್ಮ ಎದ್ದಳು. "ನಂಗೇನೂ ಬ್ಯಾಡ ಡಾಕ್ಟ್ರೇ" ಎಂದವಳು ಸೆರಗಿನಲ್ಲಿ ಬೆರಳು ಸುತ್ತಿಕೊಂಡು ಹೊರಗೆ ನಡೆದೇಬಿಟ್ಟಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ರಾಮಮ್ಮ ಕೈಯಲ್ಲಿದ್ದ ಹತ್ತಿಯ ಡಬ್ಬವನ್ನು ಅಲ್ಲೇ ಇಟ್ಟು ಹಿಂದೆ ಓಡಿದರು. ಗೇಟಿನ ಹತ್ತಿರ ತೋಳು ಹಿಡಿದು ನಿಲ್ಲಿಸಿದರು.

"ಎಲ್ಲಿಗೆ ಹೊರಟೆ? ಕತ್ತರಿ ನೋಡಿ ಹೆದರ್ಕೊಂಡ್ಯಾ?"

"ಕತ್ತರಿಗಲ್ಲಕ್ಕ."

"ಮತ್ತೆ?"

ಅಂಜಮ್ಮನ ಕಣ್ಣು ತುಂಬಿತು. "ಫೈನಲ್ ಕೊಟ್ಬಿಡ್ತಾರೆ. ಪುಟ್ಟಲಕ್ಷ್ಮಿಗೂ ಹಿಂಗೇ ಫೈನಲ್ ಕೊಟ್ರು. ಅವಳು ಮತ್ತೆ ಬರಲೇ ಇಲ್ಲ. ನಮ್ಮಣ್ಣನಿಗೂ ಫೈನಲ್ ಅಂತಾನೇ ಕೊಟ್ಟು ಗೇಟಿಂದ ಆಚೆ ಕಳ್ಸಿದ್ದು. ನಂಗೆ ಬೆರಳು ಹೋದ್ರೂ ಪರವಾಗಿಲ್ಲಕ್ಕ, ಕೆಲಸ ಹೋಗ್ಬಾರ್ದು. ನಮ್ಮ ಯಜಮಾನ್ರ ಹಿಟ್ಟಿನ ಗಿರಣಿ ಕೆಲಸ ಒಂದನ್ನೇ ನಂಬ್ಕೊಂಡು ಮಗೂನ ಓದ್ಸೋಕಾಗತ್ತಾ?"

ರಾಮಮ್ಮ ಅವಳ ತೋಳು ಬಿಡಲಿಲ್ಲ. ನಗಬೇಕೋ ಅಳಬೇಕೋ ಅವರಿಗೇ ತಿಳಿಯಲಿಲ್ಲ.

"ಬೆರಳಿಲ್ದೇ ಯಾವ ಕೆಲಸ ಮಾಡ್ತೀಯೇ ಹುಚ್ಚಿ? ಇದನ್ನ ಹೊಟ್ಟೇಲಿಟ್ಕೊಂಡು ಆರು ವಾರ ಓಡಾಡಿದೀಯಲ್ಲ! ಕೇಳಿಲ್ಲಿ. ಕಾರ್ಖಾನೆಯೋರು ಕೊಡೋ ಫೈನಲ್ ಬೇರೆ, ಡಾಕ್ಟ್ರು ಕೊಡೋ ಫೈನಲ್ ಬೇರೆ. ಡಾಕ್ಟ್ರ ಫೈನಲ್ ಅಂದ್ರೆ ಕಾಯಿಲೆ ಫೈನಲ್. ಕೆಲಸ ಅಲ್ಲ. ಇವಳಿಗೆ ವಾಸಿಯಾಗಿದೆ, ಇನ್ಮೇಲೆ ಕೆಲಸಕ್ಕೆ ಬರಬಹುದು ಅಂತ ಬರೆದಿರೋ ಚೀಟಿ ಅದು. ಅದಿಲ್ದೇ ಹೋದ್ರೇನೇ ಒಳಗೆ ಕೂರ್ಸೋದು ಕಷ್ಟ."

"ಮತ್ತೆ ಪುಟ್ಟಲಕ್ಷ್ಮಿ?"

"ಅವಳ ಗಂಡನಿಗೆ ಕೆಂಗೇರಿ ಉಪನಗರದಲ್ಲಿ ಮನೆ ಸಿಕ್ತು. ಅಲ್ಲಿಂದ ಎರಡು ಬಸ್ಸು ಹತ್ತಿ ಬರೋಕಾಗಲ್ಲ ಅಂತ ಅಲ್ಲೇ ಹತ್ತಿರ ಕೆಲಸಕ್ಕೆ ಸೇರ್ಕೊಂಡ್ಳು. ಕಾರ್ಡಿನಲ್ಲಿ ಡಿಸ್ಪೆನ್ಸರಿ ಬದಲಾಯಿಸಿಕೊಡಿ ಅಂತ ಕೇಳೋಕೆ ಇಲ್ಲಿಗೇ ಬಂದಿದ್ಳು. ನನ್ನ ಕೈಗೆ ಮೈಸೂರುಪಾಕು ಕೊಟ್ಟು ಹೋದ್ಳು. ನೀನು ಒಂದು ಸಲ ಯಾರನ್ನಾದ್ರೂ ಕೇಳಿದ್ಯಾ?"

ಅಂಜಮ್ಮ ಕೇಳಿರಲಿಲ್ಲ. ಕೇಳಿದರೆ ತನ್ನ ಭಯ ಹೊರಗೆ ಬೀಳುತ್ತದೆಂದು ಕೇಳಿರಲಿಲ್ಲ.

ಒಳಗೆ ಬಂದಾಗ ಡಾಕ್ಟರಿಗೆ ರಾಮಮ್ಮನೇ ಎಲ್ಲ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಅಂಜಮ್ಮನ ಕಡೆ ನೋಡಿದರು.

"ತಪ್ಪು ನಮ್ಮದೂ ಇದೆಯಮ್ಮ. ನಾವು ದಿನಾ ಆಡೋ ಪದ ಕೇಳೋರಿಗೂ ಗೊತ್ತಿರತ್ತೆ ಅಂದ್ಕೊಳ್ತೀವಿ. ಸರ್ಟಿಫಿಕೇಟ್ ಪಡೆದು ಕಾಯಿಲೆ ರಜೇಲಿ ಇರೋರನ್ನ, ರಜೆ ಹಾಕಿದ್ರು ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋ ಹಾಗಿಲ್ಲ. ಹಾಗಂತ ಕಾನೂನೇ ಇದೆ. ರಜೆಯ ದಿನಗಳಿಗೆ ಸಂಬಳದ ಒಂದು ಭಾಗವೂ ಸಿಗತ್ತೆ. ಈಗ ಕೂತ್ಕೊಳ್ತೀರಾ?"

ಅಂಜಮ್ಮ ಕೂತಳು.

ಮೂತ್ರ ಪರೀಕ್ಷೆ ಅಲ್ಲೇ ಆಯಿತು. ಗಾಜಿನ ನಳಿಕೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ಅಂಜಮ್ಮ ನೋಡುತ್ತಲೇ ಇದ್ದಳು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ಹೋಗಿ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು.

"ನೀಲಿಯಾಗೇ ಉಳಿದಿದ್ರೆ ಸಕ್ಕರೆ ಇಲ್ಲ ಅಂತ" ಎಂದರು ಡಾಕ್ಟರು. "ಇಟ್ಟಿಗೆ ಬಣ್ಣ ಅಂದ್ರೆ ತುಂಬಾ ಇದೆ ಅಂತ. ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ, ರಕ್ತದಲ್ಲೂ ನೋಡಿ ಖಚಿತ ಮಾಡ್ಕೊಳ್ಳೋಣ. ನಿಮ್ಮ ಬೆರಳು ಯಾಕೆ ವಾಸಿ ಆಗ್ತಿರ್ಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲಿದೆ. ಬಾಯಾರಿಕೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗೋದು, ಸುಸ್ತು, ಎಲ್ಲಕ್ಕೂ ಇದೇ ಕಾರಣ ಇರಬಹುದು."

"ಸಕ್ಕರೆ ಕಾಯಿಲೇನಾ? ನಾವು ಕಾಫಿಗೂ ಬೆಲ್ಲವೇ ಹಾಕೋದು ಡಾಕ್ಟ್ರೇ! ಸಕ್ಕರೆ ಮನೇಲಿ ಹಬ್ಬಕ್ಕೆ ಮಾತ್ರ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಬೆಲ್ಲವೂ ಸಕ್ಕರೆಯ ತಂಗೀನೇ ಅಮ್ಮ. ಆದ್ರೆ ಇದು ಬರೀ ಸಕ್ಕರೆ ತಿನ್ನೋದ್ರಿಂದ ಬರೋದಲ್ಲ. ತಿಂದಿದ್ದನ್ನ ಮೈ ಬಳಸಿಕೊಳ್ಳೋದ್ರಲ್ಲಿ ಬರೋ ತೊಂದರೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ರೆ ಗಾಯ ಬೇಗ ಒಣಗಲ್ಲ. ಸಕ್ಕರೆ ಹಿಡಿತಕ್ಕೆ ಬಂದ್ರೆ ಬೆರಳೂ ಮಾತು ಕೇಳತ್ತೆ."

ಅಂದೇ ಕೀವು ತೆಗೆದರು. ಎಕ್ಸ್-ರೇಯಲ್ಲಿ ಮೂಳೆ ಗಟ್ಟಿಯಾಗಿಯೇ ಇತ್ತು. ಇನ್ನಷ್ಟು ದಿನ ತಡ ಮಾಡಿದ್ದರೆ ಹೇಳುವುದು ಕಷ್ಟವಿತ್ತು ಎಂದರು ಡಾಕ್ಟರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಖಚಿತವಾಯಿತು. ಗಾಯಕ್ಕೆ ಏಳು ದಿನದ ಮಾತ್ರೆ, ಸಕ್ಕರೆಗೆ ಬೇರೆ ಮಾತ್ರೆ, ಊಟದ ಪಟ್ಟಿ, ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿಕೊಳ್ಳುವುದು. ಅಂಜಮ್ಮನ ಹೊಸ ದಿನಚರಿ ಶುರುವಾಯಿತು.

ಮೂರನೆಯ ದಿನಕ್ಕೇ ನೋವು ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಅಂಜಮ್ಮ ಗಾಯದ ಮಾತ್ರೆಯ ಪೊಟ್ಟಣ ಹಿಡಿದು ಕಪಾಟಿನ ಕಡೆ ಹೋದಳು. ಹಿಂದಿನಿಂದ ಬೋರಮ್ಮನ ದನಿ ಬಂತು.

"ಏನೇ ಅದು? ಡಬ್ಬಿಗೆ ಹಾಕ್ಬೇಡ, ಹೊಟ್ಟೆಗೆ ಹಾಕು."

"ನೋವಿಲ್ಲ ಅತ್ತೆ."

"ನೋವು ಹೋಗಿದ್ದು ನಿಂಗೆ ಗೊತ್ತು. ಒಳಗೆ ಇರೋದು ಹೋಗಿದೆಯೋ ಇಲ್ವೋ ಡಾಕ್ಟ್ರಿಗೆ ಗೊತ್ತು. ನುಂಗೇ ಸುಮ್ನೆ." ಬೋರಮ್ಮ ನೀರಿನ ಲೋಟ ಹಿಡಿದು ಎದುರಿಗೇ ನಿಂತರು. ಹನುಮಂತಯ್ಯ ಮೂಲೆಯಲ್ಲಿ ಜಲಜಾಳ ಜಡೆ ಹೆಣೆಯುತ್ತಾ ಮೆಲ್ಲಗೆ, "ಕೆಮ್ಮಣ್ಣು ಬೇಡ್ವಾ ಅಮ್ಮ?" ಎಂದ. ಬೋರಮ್ಮ ಅವನತ್ತ ನೋಡಿದ ನೋಟಕ್ಕೆ ಜಡೆ ಇನ್ನೂ ಒಂದು ಕಡೆಗೆ ವಾಲಿತು.

ಮೂರು ವಾರ ಕಳೆದವು. ಬೆರಳಿನ ಮೇಲೆ ಹೊಸ ಚರ್ಮ ಬಂತು. ಉಗುರು ಸೊಟ್ಟಗಾಗಿತ್ತು, ಅದು ನಿಧಾನವಾಗಿ ಸರಿಯಾಗುತ್ತದೆ ಎಂದರು. ನೀಲಿ ಔಷಧಿ ಈಗ ತಿಳಿ ಹಸಿರಿಗೆ ಬಂದು ನಿಲ್ಲುತ್ತಿತ್ತು. ಡಾಕ್ಟರು ಒಂದು ಚೀಟಿ ಬರೆದು ಮುಂದೆ ಚಾಚಿದರು.

"ತಗೊಳ್ಳಿ, ನೀವು ಹೆದರಿದ್ದ ಫೈನಲ್. ಗಾಯಕ್ಕೆ ಮಾತ್ರ ಇದು ಫೈನಲ್ ಅಮ್ಮ, ಸಕ್ಕರೆಗಲ್ಲ. ಅದಕ್ಕೆ ಮಾತ್ರೆ ಬಿಡಬಾರದು, ತಿಂಗಳಿಗೊಂದು ಸಲ ಬರ್ತಾ ಇರಬೇಕು."

ಮರುದಿನ ಬೆಳಿಗ್ಗೆ ಅಂಜಮ್ಮ ಮಗಳನ್ನು ಮುಂದೆ ಕೂರಿಸಿಕೊಂಡು ಎರಡು ಜಡೆ ಹಾಕಿದಳು. ಬೈತಲೆ ನೇರ, ಹೆಣಿಗೆ ಬಿಗಿ. ಆಮೇಲೆ ಕಾರ್ಖಾನೆಗೆ ನಡೆದಳು. ಹನ್ನೊಂದು ಯಂತ್ರಗಳ ಮುಂದೆ ಹತ್ತು ಜನ ಕೂತಿದ್ದರು. ತನ್ನ ಯಂತ್ರ ಖಾಲಿ ಇತ್ತು, ಮೇಲೆ ಬಟ್ಟೆ ಮುಚ್ಚಿತ್ತು. ಜಗನ್ನಾಥ ಎದುರಿಗೆ ಬಂದ.

"ಫೈನಲ್ ಕೊಟ್ಟಿದ್ದಾರೆ ಸಾರ್" ಎಂದಳು ಅಂಜಮ್ಮ, ಎಲ್ಲರಿಗೂ ಕೇಳುವ ಹಾಗೆ.

ಯಂತ್ರಗಳು ಒಂದೊಂದಾಗಿ ನಿಂತವು. ಪಕ್ಕದ ಹುಡುಗಿಯ ಕೈ ಬಾಯಿಗೆ ಹೋಯಿತು. "ಅಯ್ಯೋ, ನಿಮಗೂನಾ ಆಂಟಿ?"

ಈ ಭಯ ತನ್ನೊಬ್ಬಳದೇ ಆಗಿರಲಿಲ್ಲ ಎಂದು ಅಂಜಮ್ಮನಿಗೆ ಗೊತ್ತಾದದ್ದು ಆಗ. ಅವಳು ಚೀಟಿಯನ್ನು ಜಗನ್ನಾಥನಿಗೆ ಕೊಟ್ಟು ಹೇಳಿದಳು: "ಸಾರ್, ಇದರಲ್ಲಿ ಏನು ಬರೆದಿದೆ ಅಂತ ಎಲ್ಲರಿಗೂ ಕೇಳೋ ಹಾಗೆ ಕನ್ನಡದಲ್ಲಿ ಓದಿ ಹೇಳಿ."

ಜಗನ್ನಾಥನಿಗೆ ಅರ್ಥವಾಗಲಿಲ್ಲ, ಆದರೂ ಓದಿ ಹೇಳಿದ. ವಾಸಿಯಾಗಿದೆ, ಇಂದಿನಿಂದ ಕೆಲಸಕ್ಕೆ ಹಾಜರಾಗಬಹುದು. ಅಷ್ಟೇ ಇತ್ತು. ಆಮೇಲೆ ಮೂಲೆಯಿಂದ ಒಬ್ಬಳು, "ಹಂಗಾದ್ರೆ ನನ್ನ ಕೆಮ್ಮಿಗೆ ಹೋಗಬಹುದಾ ಸಾರ್? ತಿಂಗಳಾಯ್ತು" ಎಂದಳು. ಇನ್ನೊಬ್ಬಳು ತನ್ನ ಕಾರ್ಡು ಎಲ್ಲಿಟ್ಟಿದ್ದೇನೋ ನೆನಪಿಲ್ಲ ಎಂದಳು. ಅಂಜಮ್ಮ ಬಟ್ಟೆ ಸರಿಸಿ ಕೂತಳು. ತಂತಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದಳು. ಬೆರಳಿಗೆ ತಂತಿ ಗೊತ್ತಾಯಿತು.

ಅಂದು ಸಂಜೆ ನಲ್ಲಿಯ ಹತ್ತಿರ ಬೋರಮ್ಮ ರಾಮಮ್ಮನ ಪಕ್ಕಕ್ಕೆ ಸರಿದು ದನಿ ತಗ್ಗಿಸಿ ಕೇಳಿದರು: "ರಾಮಮ್ಮ, ನಂಗೂ ಕಾಲಲ್ಲಿ ಒಂದು ಗಾಯ ಒಣಗ್ತಾನೇ ಇಲ್ಲ ಕಣೆ. ನಂದೂ ಒಂದು ಸಲ ಬಣ್ಣ ನೋಡಿಸ್ಬೋದಾ?"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ಮಾತು ನಿಮ್ಮ ಜೊತೆ. ಮನೆಯ ಕೆಲಸ, ಮಕ್ಕಳ ಶಾಲೆ, ಕಾರ್ಖಾನೆಯ ಸೈರನ್ನು, ಇವುಗಳ ನಡುವೆ ಒಂದು ಬೆರಳಿನ ನೋವಿಗೆ ಪುರಸೊತ್ತು ಎಲ್ಲಿ ಎಂದು ನಿಮಗೆ ಅನ್ನಿಸುತ್ತದೆ. ಅದು ನಿಮ್ಮ ತಪ್ಪಲ್ಲ. ಆದರೆ ಎರಡು ವಾರ ಕಳೆದರೂ ವಾಸಿಯಾಗದ ಗಾಯ, ಹೋಗಿ ಮತ್ತೆ ಬರುವ ಕೀವು, ಬಿಡದ ಕೆಮ್ಮು, ಇವು ನೀವಾಗಿ ತಡೆದುಕೊಳ್ಳುವಂಥವಲ್ಲ. ಗಾಯದ ಜೊತೆ ಜ್ವರ ಬಂದರೆ, ಊತ ಮೇಲಕ್ಕೆ ಹತ್ತಿದರೆ, ಎರಡು ವಾರವೂ ಕಾಯಬೇಡಿ. ಅಂದೇ ಹೋಗಿ. ಕಾರಣ ಹುಡುಕುವ, ಪರೀಕ್ಷೆ ಮಾಡುವ ಜಾಗಕ್ಕೆ ಹೋಗಿ. ಇ.ಎಸ್.ಐ. ಕಾರ್ಡಿದ್ದರೆ ಅದನ್ನು ಟ್ರಂಕಿನಿಂದ ತೆಗೆಯಿರಿ, ಮನೆಯವರಲ್ಲಿ ಯಾರು ಯಾರಿಗೆ ಸೌಲಭ್ಯವಿದೆ ಎಂದು ಅಲ್ಲೇ ಕೇಳಿ. ಕಾರ್ಡಿಲ್ಲದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆ ಇದೆ. ಹಿಂದೆ ತೆಗೆದುಕೊಂಡ ಔಷಧಿಯ ಚೀಟಿ ಇದ್ದರೆ ಜೊತೆಗೆ ಒಯ್ಯಿರಿ, ಕೊಟ್ಟ ಮಾತ್ರೆಯನ್ನು ಮುಗಿಸಿ.

ಡಾಕ್ಟರು ಆಡಿದ ಪದ ಅರ್ಥವಾಗದಿದ್ದರೆ, "ಹಾಗಂದ್ರೇನು?" ಎಂದು ಕೇಳಿಬಿಡಿ. ಅಂಜಮ್ಮ ಆರು ವಾರ ಕೇಳಲಿಲ್ಲ. ಕೇಳಿದ ದಿನ ಅವಳ ಹೆಬ್ಬೆರಳು ಉಳಿಯಿತು.